ಸರದಿ ಬಿಟ್ಟುಕೊಟ್ಟ ಅಮರೇಶ್ವರಿ

ಲಿಂಗಸೂಗೂರು ಸೀಮೆಯ ಯಾವ ಸಂತೆಯಲ್ಲಾದರೂ ನಿಂತು "ಅಮರೇಶಾ" ಎಂದು ಕೂಗಿ ನೋಡಿ, ಅರ್ಧ ಸಂತೆ ತಿರುಗಿ ನೋಡುತ್ತದೆ. ಗುರುಗುಂಟಾ ಅಮರೇಶ್ವರನಿಗೆ ಹರಕೆ ಹೊತ್ತು ಹುಟ್ಟಿದವರು, ಹರಕೆಯಿಲ್ಲದೆ ಸುಮ್ಮನೆ ಹುಟ್ಟಿದವರು, ಎಲ್ಲರಿಗೂ ಅದೇ ಹೆಸರು. ಪಾಮನಕಲ್ಲೂರಿನ ಸೊಸೆ ಅಮರೇಶ್ವರಿಗೂ ಅವಳಪ್ಪ ಅದನ್ನೇ ಇಟ್ಟಿದ್ದ. ಆ ಹೆಸರಿನಿಂದ ಮಗಳ ವಿಮಾನ ತಪ್ಪುವ ಹೊತ್ತೊಂದು ಬರುತ್ತದೆಂದು ಆ ಪುಣ್ಯಾತ್ಮನಿಗೆ ಏನು ಗೊತ್ತು?

ಅವಳ ಗಂಡ ಭೀಮೇಶ ಮಸ್ಕತ್ತಿನಲ್ಲಿ ಕ್ರೇನ್ ನಡೆಸುತ್ತಾನೆ. ಮೈಮೇಲಿನ ಅರಿಶಿಣ ಆರುವ ಮೊದಲೇ ರಜೆ ಮುಗಿದು ಹೋದವನು. ಅವನ ಬೆನ್ನಿಗೇ ಕೊರೊನಾ ಬಂತು, ವಿಮಾನಗಳು ನಿಂತವು. ಒಂದೂವರೆ ವರ್ಷ ಮೊಬೈಲಿನಲ್ಲೇ ಸಂಸಾರ. ಅವನ ಮುಖ ಗೊತ್ತು, ದನಿ ಗೊತ್ತು. ಅವನು ಪಕ್ಕದಲ್ಲಿ ಕೂತರೆ ಹೇಗಿರುತ್ತದೆಂಬುದು ಮಾತ್ರ ಅವಳಿಗೆ ಮರೆತುಹೋಗತೊಡಗಿತ್ತು. ಅದಕ್ಕೇ ಅವಳು ಹೆದರುತ್ತಿದ್ದಳು. ಈಗ ಕೊನೆಗೂ ದಾರಿ ತೆರೆದಿತ್ತು. ಶನಿವಾರ ರಾತ್ರಿ ಹೈದರಾಬಾದಿನಿಂದ ವಿಮಾನ, ಭಾನುವಾರಕ್ಕೆ ವೀಸಾದ ಗಡುವು ಮುಗಿಯುತ್ತದೆ. ಹತ್ತುವ ಮೊದಲು ಮೂರು ದಿನದೊಳಗಿನ, ಕೊರೊನಾ ಇಲ್ಲವೆಂಬ ವರದಿ ಬೇಕು.

ಗುರುವಾರ ಲಿಂಗಸೂಗೂರಿನಲ್ಲಿ ತಪಾಸಣೆಯ ಶಿಬಿರವಿತ್ತು. ಸಾಲಿನಲ್ಲಿ ಅವಳ ಹಿಂದೆ ಹಟ್ಟಿ ಊರಿನ ಹೆಂಗಸೊಬ್ಬಳು, ಐವತ್ತರ ಆಸುಪಾಸು, ಆಗಾಗ ಸೆರಗು ಅಡ್ಡ ಹಿಡಿದು ಕೆಮ್ಮುತ್ತಿದ್ದಳು. ಸಾಲೆಂದಮೇಲೆ ಮಾತು ಬಂದೇ ಬರುತ್ತದಲ್ಲ. ಅವಳ ಮಗಳನ್ನು ಸಿಂಧನೂರಿನಾಚೆ ಮುಕ್ಕುಂದಕ್ಕೆ ಕೊಟ್ಟಿದೆ, ಚೊಚ್ಚಲ ಬಸುರಿ, ಭಾನುವಾರ ಕುಬಸ, ಅಂದರೆ ಸೀಮಂತ. ಬೀಗರು ತಪಾಸಣೆ ಮಾಡಿಸದೆ ಹೊಸ್ತಿಲು ತುಳಿಯಬೇಡಿ ಎಂದಿದ್ದಾರಂತೆ. ಹೆಸರು ಕೇಳಿದರೆ ಅವಳೂ ಅಮರೇಶ್ವರಿ! ಇಬ್ಬರೂ ಮಾಸ್ಕಿನೊಳಗೇ ನಕ್ಕರು.

ಅಷ್ಟರಲ್ಲಿ "ಅಮರೇಶ್ವರಿ" ಎಂದು ಕರೆದರು. ನಿಂತು ನಿಂತು ದಣಿದ ಹಟ್ಟಿಯವಳು ಗೋಡೆಗೆ ಒರಗಿದ್ದಳು. ಹಿರಿಯರು ಹಿಂದೆ ನಿಂತಿರುವಾಗ ತಾನು ಮುಂದೆ ಹೋಗಿ ಕೂಡುವುದೆಂದರೇನು? ನಮ್ಮ ಹುಡುಗಿ ಸರಿದು ದಾರಿ ಬಿಟ್ಟಳು.

"ನೀವ ಮೊದಲ ಹೋಗ್ರೀ ಅಕ್ಕಾ."

ಇಬ್ಬರಿಗೂ ಮಾಸ್ಕು, ಮೇಲೆ ತಲೆತುಂಬ ಸೆರಗು. ಯಾರು ಯಾರೆಂದು ಬ್ರಹ್ಮನಿಗೂ ತಿಳಿಯದು. ಕರೆದ ಹೆಸರಿಗೆ ಒಬ್ಬಳು ಬಂದು ಕೂತಳು, ಶಿಬಿರದವರು ಮೂಗಿಗೆ ಕಡ್ಡಿ ಹಾಕಿದರು. ಆಮೇಲೆ ಇವಳ ಸರದಿ. ಕಡ್ಡಿ ಮೂಗಿನೊಳಗೆ ಹೋದ ಆಳ ನೋಡಿದರೆ ನೆತ್ತಿಗೆ ದಾರಿ ಹುಡುಕುತ್ತಿದ್ದಾರೇನೋ ಅನ್ನಿಸಿತು. ಕಣ್ಣಲ್ಲಿ ನೀರು ಬಂದರೂ ಅವಳು ನಗುತ್ತಲೇ ಎದ್ದಳು. ಅದು ಮಸ್ಕತ್ತಿನ ದಾರಿ ತಾನೇ!

ಶುಕ್ರವಾರ ಬೆಳಿಗ್ಗೆ ಫೋನು ಬಂತು. ಪಾಸಿಟಿವ್.

ಅತ್ತೆ ಹುಸೇನಮ್ಮ ಕಟ್ಟಿಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಹೋಳಿಗೆಯ ಗಂಟು ಪಡಸಾಲೆಯಲ್ಲೇ ಉಳಿಯಿತು. ಸೊಸೆ ಒಳಕೋಣೆ ಸೇರಿದಳು. ಓಣಿಯವರು ಆ ಮನೆಯ ಮುಂದಿನ ದಾರಿಯನ್ನೇ ಬಿಟ್ಟರು. ಹುಸೇನಮ್ಮ ಮಾತ್ರ ಸೋಲುವವಳಲ್ಲ. ಬೆಳ್ಳುಳ್ಳಿ ಒಗ್ಗರಣೆ ಹಾಕಿ, ವಾಸನೆ ಬಂತೇನು ಎಂದು ಹೊರಗಿನಿಂದಲೇ ಕೇಳಿದಳು. ಬಂತು ಎಂದು ಒಳಗಿನಿಂದ ಅಳುವ ದನಿ. ಹಾಗಾದರೆ ರೋಗವಿಲ್ಲ ಎಂದು ಅತ್ತೆ ತೀರ್ಪು ಕೊಟ್ಟಳು. ಅತ್ತೆಯ ಒಗ್ಗರಣೆಯನ್ನು ವಿಮಾನದವರು ಒಪ್ಪಬೇಕಲ್ಲ!

ಅಮರೇಶ್ವರಿ ಹೊಟ್ಟೆ ತುಂಬ ಅತ್ತಳು. ಅತ್ತು ಮುಗಿದ ಮೇಲೆ ತಲೆ ತಿಳಿಯಾಯಿತು. ಸಾಲಿನ ಹೆಂಗಸು, ಅವಳ ಕೆಮ್ಮು, ಒಂದೇ ಹೆಸರು. ಶಿಬಿರದ ಮೇಜಿನ ಮೇಲೆ ಹೆಸರಿನ ಚೀಟಿ ಅಂಟಿಸಿದ ಕೊಳವೆಗಳನ್ನು ಸರದಿಯ ಪ್ರಕಾರ ಮೊದಲೇ ಜೋಡಿಸಿಟ್ಟದ್ದನ್ನು ಅವಳೇ ಕಂಡಿದ್ದಳು. ಮೊದಲನೆಯದು ತನ್ನದು. ಅದರೊಳಗೆ ಹೋದದ್ದು ಅಕ್ಕನ ಕಡ್ಡಿ!

ತನ್ನ ಕೈಗೆ ಅಕ್ಕನ ರೋಗದ ವರದಿ ಬಂದಿದ್ದರೆ, ಅಕ್ಕನ ಕೈಯಲ್ಲಿರುವುದು ತನ್ನ ವರದಿ. ಅದನ್ನು ಹಿಡಿದು ಅವಳು ಈಗಾಗಲೇ ಬಸುರಿ ಮಗಳ ಮನೆಯ ಬಸ್ಸು ಹತ್ತಿರಬೇಕು.

ಶಿಬಿರದ ವೈದ್ಯ ಅನಿಲಕುಮಾರರಿಗೆ ಫೋನು ಹಚ್ಚಿ, ತಾನು ಸರದಿ ಬಿಟ್ಟುಕೊಟ್ಟದ್ದನ್ನೆಲ್ಲ ಹೇಳಿದಳು. ಅವರಿಗೆ ಕೇಳಿ ಕೇಳಿ ಸಾಕಾಗಿತ್ತು.

"ಪಾಸಿಟಿವ್ ಬಂದವರೆಲ್ಲಾರೂ ವರದಿ ತಪ್ಪೈತಿ ಅಂತಾರ, ತಂಗಿ."

"ನನ್ನ ಮಾತ ನಂಬಬ್ಯಾಡ್ರಿ, ಸಾಹೇಬ್ರ. ನನ್ನ ಇಲ್ಲೇ ಕೂಡಸ್ರಿ, ವಿಮಾನ ಹೋದ್ರ ಹೋಗ್ಲಿ. ಆದ್ರ ಆ ಅಕ್ಕನ್ನ ಮಗಳ ಹೊಸ್ತಿಲ ದಾಟಾಕ ಬಿಡಬ್ಯಾಡ್ರಿ."

ತಮ್ಮ ವಿಮಾನಕ್ಕಾಗಿ ಸುಳ್ಳು ಹೇಳುವವರನ್ನು ವೈದ್ಯರು ಬೇಕಾದಷ್ಟು ಕಂಡಿದ್ದರು. ವಿಮಾನ ಬಿಟ್ಟು ಇನ್ನೊಬ್ಬರ ಮಗಳ ಚಿಂತೆ ಮಾಡುವವಳನ್ನು ಕಂಡಿರಲಿಲ್ಲ. ಅವರು ಹಟ್ಟಿಯವಳಿಗೆ ಫೋನು ಹಚ್ಚಿದರು. ಅವಳ ಬಸ್ಸು ಆಗತಾನೇ ಮಸ್ಕಿಗೆ ಬಂದು ನಿಂತಿತ್ತು. ಮಗಳ ಮಾತು ಕಿವಿಗೆ ಬಿದ್ದದ್ದೇ ತಡ, ಆ ತಾಯಿ ಎರಡನೇ ಮಾತಾಡದೆ ಕುಬಸದ ಗಂಟಿನ ಸಮೇತ ಇಳಿದು, ಎಲ್ಲರಿಂದ ದೂರ ಬೇವಿನ ಮರದ ಕೆಳಗೆ ಒಬ್ಬಳೇ ಕೂತಳು. ಮಸ್ಕಿ ಆಸ್ಪತ್ರೆಯವರು ಬಂದು ಅಲ್ಲಿಯೇ ತುರ್ತು ತಪಾಸಣೆ ಮಾಡಿದರು. ತಪಾಸಣೆಯ ಪಟ್ಟಿಯ ಮೇಲೆ ಎರಡು ಕೆಂಪು ಗೆರೆ ಎದ್ದವು, ರೋಗ ಇದೆ ಎಂದು.

ಆಮೇಲೆ ವೈದ್ಯರು ಪಾಮನಕಲ್ಲೂರಿಗೇ ಬಂದರು. ನಮ್ಮ ಅಮರೇಶ್ವರಿಗೂ ಅದೇ ಪಟ್ಟಿ, ಒಂದೇ ಗೆರೆ, ರೋಗವಿಲ್ಲ. ಆದರೆ ಅನಿಲಕುಮಾರರು ತಲೆಯಾಡಿಸಿದರು. ಈ ಪಟ್ಟಿ ಐತಿ ಅಂದರೆ ನಂಬಬಹುದು, ಇಲ್ಲ ಅಂದರೆ ಅರ್ಧ ಮಾತ್ರ ನಂಬಬೇಕು ಎಂದು, ಮತ್ತೊಮ್ಮೆ ಮೂಗಿನ ಕಡ್ಡಿ ಹಾಕಿ ತಾವೇ ಚೀಟಿ ಅಂಟಿಸಿ ಮಾದರಿಯನ್ನು ರಾಯಚೂರಿಗೆ ಕಳಿಸಿದರು. ಆ ರಾತ್ರಿ ಸೊಸೆಗೂ ಅತ್ತೆಗೂ ನಿದ್ದೆಯಿಲ್ಲ.

ಶನಿವಾರ ಬೆಳಗಿನ ಚಹಾ ಕುದಿಯುವಷ್ಟರಲ್ಲಿ ಫೋನು ಬಂತು. ನೆಗೆಟಿವ್. ಹುಸೇನಮ್ಮ ಸೊಸೆಯನ್ನು ಬಾಚಿ ತಬ್ಬಿ, ಆಮೇಲೆ ಓಣಿಗೆಲ್ಲ ಕೇಳುವಂತೆ ತನ್ನ ಒಗ್ಗರಣೆಯೇ ಖರೆ ಎಂದು ಸಾರಿದಳು. ಕಾರು ಹೊರಟಾಗ ನಿನ್ನೆ ದಾರಿ ಬಿಟ್ಟವರೆಲ್ಲ ಇಂದು ದಾರಿಗೆ ಬಂದು ನಿಂತು ಕೈಬೀಸಿದರು. ಕಾರು ರಾಯಚೂರು ದಾಟುವಾಗ ಆಸ್ಪತ್ರೆಯ ಹಾಸಿಗೆಯಿಂದ ಅಕ್ಕನ ಫೋನು. ಜ್ವರ ಇಳಿದಿದೆ, ಮಗಳು ಕ್ಷೇಮ, ಹೆಣ್ಣು ಹುಟ್ಟಿದರೆ ನಿನ್ನ ಹೆಸರೇ ಎಂದಳು. ಪಕ್ಕದಲ್ಲಿ ಕೂತಿದ್ದ ಹುಸೇನಮ್ಮ ಹಣೆ ಚಚ್ಚಿಕೊಂಡಳು.

"ಇನ್ನೊಬ್ಬಾಕಿ ಅಮರೇಶ್ವರಿ ಬ್ಯಾಡವ್ವಾ, ಬ್ಯಾರೆ ಏನರ ಇಡ್ರಿ."

ಮಸ್ಕತ್ತಿನಲ್ಲಿ ಇಳಿದರೆ ಅಲ್ಲೂ ಸಾಲು, ಅಲ್ಲೂ ಕಡ್ಡಿ. ಅವಳ ಹೆಸರು ಕರೆದರು. ಹಿಂದೆ ತೆಲುಗು ಮುದುಕನೊಬ್ಬ ಕೋಲೂರಿ ನಿಂತಿದ್ದ. ರೂಢಿ ನೋಡಿ, ಕಾಲು ತಾನಾಗಿಯೇ ಪಕ್ಕಕ್ಕೆ ಸರಿಯಿತು. ತಟ್ಟನೆ ನಿಂತಳು. ಕೈಯಾಸರೆ ಕೊಟ್ಟು ಮುದುಕನನ್ನು ಅಲ್ಲೇ ಕುರ್ಚಿಯಲ್ಲಿ ಕೂರಿಸಿ, ಮೆಲ್ಲಗೆ ಹೇಳಿದಳು.

"ಈ ಸಲ ಮೊದಲ ನಂದ ಆಗ್ಲಿ, ಅಜ್ಜಾ."

ಮೂಗು ಮೇಲೆತ್ತಿ ಕೂತಳು. ಕಡ್ಡಿ ಒಳಗೆ ಹೋಗಿ ಬರುವಷ್ಟರಲ್ಲಿ ಕಣ್ಣು ತುಂಬಿ ಬಂದವು. ಆ ನೀರಿನಲ್ಲೇ ಗಾಜಿನ ಬಾಗಿಲಾಚೆ ನೋಡಿದಳು. ಭೀಮೇಶ ಎರಡೂ ಕೈ ಎತ್ತಿ ಬೀಸುತ್ತಿದ್ದ.