ಬರೆಯಬಹುದು

"ಅಲ್ಲೇ ಇದೆಯಲ್ಲ ಮೇಡಂ, ನೀವೇ ಟಿಕ್ ಹಾಕಿದ್ದೀರಿ," ಎಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವನು ಪರದೆಯ ಮೇಲೆ ಬೆರಳಿಟ್ಟ. "ಇತರರು: ಓದಬಹುದು, ಬರೆಯಬಹುದು."

ಮಾತಿನ ಚಿಕಿತ್ಸಕಿಗೆ ಮೈಯೆಲ್ಲ ಉರಿದುಹೋಯಿತು. ಹೌದು, ಟಿಕ್ ಹಾಕಿದ್ದು ಅವಳೇ. ಪಕ್ಕದ ಕೋಣೆಯ ಸಹೋದ್ಯೋಗಿಯೂ ರೋಗಿಗಳ ಬಗ್ಗೆ ನಾಲ್ಕು ಸಾಲು ಬರೆಯಲಿ ಎಂದು ತನ್ನ ಫೋಲ್ಡರನ್ನು ತೆರೆದುಕೊಟ್ಟಿದ್ದಳು. ಆ ಮಹಾತಾಯಿ ಜಾಗ ಸಾಲದೆಂದು ಹಳೆಯ ಧ್ವನಿ ಫೈಲುಗಳನ್ನೆಲ್ಲ ಗುಡಿಸಿ ಹಾಕಿದ್ದಳು. ಅದರಲ್ಲಿ ಬಸ್ ಕಂಡಕ್ಟರನ ದನಿಯೂ ಹೋಯಿತು. ಗಂಟಲಿನ ಆಪರೇಷನ್ ಆದಮೇಲೆ ಮಾತು ಬರುವುದಿಲ್ಲವೆಂದು ಗೊತ್ತಾಗಿ, ಅದಕ್ಕೆ ಮೊದಲೇ ಆ ಮನುಷ್ಯ ಮೈಕಿನ ಮುಂದೆ ಕೂತು ಬಸುರಿ ಮಗಳಿಗೆ, ಹುಟ್ಟಲಿರುವ ಮೊಮ್ಮಗುವಿಗೆ ಎಂದು ಮಾತಾಡಿದ್ದ. ನಡುವೆ "ಹಿಂದೆ ಹೋಗಿ, ಹಿಂದೆ ಜಾಗ ಇದೆ!" ಎಂದು ಕೂಗಿ ತಾನೇ ನಕ್ಕಿದ್ದ. ಅದಕ್ಕೆ ಬೇರೆ ಪ್ರತಿ ಇರಲಿಲ್ಲ.

"ಬರೆಯೋದು ಅಂದ್ರೆ ಅಳಿಸೋದು ಅಂತ ಯಾವ ಭಾಷೇಲಿದೆ ರೀ?"

"ಕಂಪ್ಯೂಟರಿನಲ್ಲಿ ಹಾಗೇನೇ. ಬರೆಯೋಕೆ ಬಿಟ್ರೆ ಅಳಿಸೋಕೂ ಬಿಟ್ಟ ಹಾಗೆ." ಅವನು ನಕ್ಕ. "ಓದು ಬರಹ ಬಂದವರು ನೀವೇ ಹೀಗಂದ್ರೆ ಹೇಗೆ?"

"ನಗಬೇಡಿ! ನಮ್ಮನೆ ಗೋಡೆ ಮೇಲೆ ಬರೀರಿ ಅಂತ ನಿಮ್ಮನ್ನ ಕರೆದ್ರೆ ಗೋಡೆನೇ ಕೆಡವಿ ಹೋಗ್ತೀರಾ? 'ಅಳಿಸಬಹುದು' ಅಂತ ಒಂದು ಪದ ಸೇರಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಇಷ್ಟು ದಿನ ಯಾರೂ ಕೇಳಿಲ್ಲವಲ್ಲ."

"ಕೇಳೋ ಹೊತ್ತಿಗೆ ಕಳ್ಕೊಂಡಿರ್ತಾರೆ ಸ್ವಾಮಿ!"

"ಆಯ್ತು, ಮುಂದೆ ಯಾವಾಗಲಾದ್ರೂ ನೋಡೋಣ," ಎಂದು ಅವನು ಚಹಾದ ಲೋಟಕ್ಕೆ ಕೈ ಹಾಕಿದ. ಎಂಥ ಕಲ್ಲುಮನಸ್ಸಪ್ಪಾ ಇವನದು ಎನ್ನಿಸಿ ಅವಳು ದಡದಡನೆ ಹೊರಗೆ ನಡೆದಳು.

ಅವಳ ಕೋಣೆಯ ಬಾಗಿಲ ಬಳಿ ಕಂಡಕ್ಟರ್ ಬೆಂಚಿನ ಮೇಲೆ ಕೂತಿದ್ದ. ಕುತ್ತಿಗೆಗೆ ಬಿಳಿ ಬಟ್ಟೆ, ತೊಡೆಯ ಮೇಲೆ ಸ್ಲೇಟು. ದನಿ ತುಂಬಿಸಿಕೊಂಡು ಹೋಗಲು ಪೆನ್ ಡ್ರೈವ್ ತಂದಿದ್ದ.

"ಯಜಮಾನ್ರೇ, ನಿಮ್ಮ ದನಿ ಅಳಿಸಿಹೋಯ್ತು. ತಪ್ಪು ನಮ್ಮದು," ಎಂದು ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು. ಅವನು ಬಳಪ ತೆಗೆದು ಬರೆದ: "ಮಗಳಿಗೆ ಏನಂತ ಹೇಳಲಿ?"

ಅವನು ಎಂದಿನಂತೆ ಒರೆಸಲು ಅಂಗೈ ತಂದಾಗ ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು.

"ಅಳಿಸಬೇಡಿ. ಇದನ್ನ ಸ್ವಲ್ಪ ಕೊಡ್ತೀರಾ?"

ಸ್ಲೇಟನ್ನು ತಂದು ಕಂಪ್ಯೂಟರಿನವನ ಮುಂದಿಟ್ಟಳು. ಅವನು ಓದಿದ. ಅವಳ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ ಕಂಡಕ್ಟರನನ್ನು ನೋಡಿದ. ಲೋಟ ಸರಿಸಿ ಕೀಬೋರ್ಡ್ ಎಳೆದುಕೊಂಡು, "ಬರೆಯಬಹುದು" ಎಂಬುದರ ಪಕ್ಕದಲ್ಲಿ "ಅಳಿಸಬಹುದು" ಎಂದು ಕೂರಿಸತೊಡಗಿದ.

ಅದು ಮುಗಿಯುವವರೆಗೂ ಕಂಡಕ್ಟರ್ ಖಾಲಿ ಪೆನ್ ಡ್ರೈವ್ ಹಿಡಿದುಕೊಂಡು ನಿಂತೇ ಇದ್ದ.