ಮೂರು ತಲೆ ಹಿಂದಕ್ಕೆ

ಟೆಕ್ಸಾಸ್‌ನ ಸೀಡರ್ ಪಾರ್ಕಿನ ಕನ್ನಡಿಗರು ನನಗಿಟ್ಟ ಹೆಸರು ‘ಜರ್ಮನ್ ರಾಜರ ಚಿದಾನಂದ್’. ನಮ್ಮ ಮನೆಯಿಂದ ಒಂದೂಕಾಲು ಗಂಟೆ ಡ್ರೈವ್ ಮಾಡಿದರೆ ನ್ಯೂ ಬ್ರೌನ್‌ಫೆಲ್ಸ್ ಸಿಗುತ್ತದೆ. ಜನ ಅಲ್ಲಿಗೆ ಹೋಗುವುದು ನದಿಯಲ್ಲಿ ಟ್ಯೂಬ್ ಮೇಲೆ ತೇಲುವುದಕ್ಕೆ. ನಾನೂ ಅದಕ್ಕೇ ಹೋಗಿದ್ದೆ. ಆದರೆ ಆ ಊರು ಕಟ್ಟಿದ ರಾಜಕುಮಾರ ಕಾರ್ಲ್‌ನ ವಂಶಾವಳಿ ಒಂದು ಗೋಡೆಯ ಮೇಲೆ ಕಣ್ಣಿಗೆ ಬಿತ್ತು. ಜರ್ಮನಿಯ ಸೋಲ್ಮ್ಸ್-ಬ್ರೌನ್‌ಫೆಲ್ಸ್ ಎಂಬ ಪುಟ್ಟ ಸಂಸ್ಥಾನದ ದೊರೆಗಳು. ಮನೆಗೆ ಬರುವಷ್ಟರಲ್ಲಿ ನನಗದು ಬಾಯಿಪಾಠವಾಗಿತ್ತು.

ಅದು ಹೇಗೆ ಎಂದು ಯಾರಾದರೂ ಕೇಳಿದರೆ ಹವ್ಯಾಸ ಅನ್ನುತ್ತಿದ್ದೆ. ನಿಜ ಬೇರೆ ಇತ್ತು. ನಾನು ಹೆಳವರವನು. ನಮ್ಮಪ್ಪ ಯಮನಪ್ಪ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಿಜಾಪುರ ಸೀಮೆಯ ಊರೂರು ತಿರುಗಿ, ಪಾಟೀಲರ, ದೇಸಾಯರ ಅಂಗಳದಲ್ಲಿ ನಿಂತು ಅವರವರ ಹಿರೀಕರ ಹೆಸರು ಹೇಳುತ್ತಿದ್ದ. ಕೊಟ್ಟ ಜೋಳ, ಉಟ್ಟು ಬಿಟ್ಟ ಧೋತರ ತರುತ್ತಿದ್ದ. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಗೆಳೆಯನ ಮನೆಯಂಗಳಕ್ಕೇ ಅಪ್ಪನ ಎತ್ತು ಬಂತು. ನಾನು ಅವರ ಹಿತ್ತಲಲ್ಲಿ ಅಡಗಿ ಕೂತಿದ್ದೆ. ಅಂದು ಅಡಗಿದವನು ಇನ್ನೂ ಹೊರಗೆ ಬಂದಿರಲಿಲ್ಲ. ಹೆಂಡತಿ ಉಷಾಗೆ ಎಲ್ಲ ಗೊತ್ತು. ಮಗಳು ಸಾನ್ವಿಗೆ ಮಾತ್ರ ಅಜ್ಜ ದೇಸಾಯಿ, ಬಿಳಿ ಕುದುರೆಯ ಮೇಲೆ ಊರೂರು ಸುತ್ತುತ್ತಿದ್ದ ಎಂದು ಹೇಳಿಬಿಟ್ಟಿದ್ದೆ. ಎತ್ತನ್ನು ಕುದುರೆ ಮಾಡುವುದು ಎಷ್ಟು ಸುಲಭ!

ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಲೈಬ್ರರಿಯ ಹಾಲಿನಲ್ಲಿ ಕನ್ನಡ ಬಳಗದವರು ನನ್ನ ಉಪನ್ಯಾಸ ಇಟ್ಟಿದ್ದರು. ಎದುರಿಗೆ ನಲವತ್ತು ಜನ, ಮುಂದಿನ ಸಾಲಿನಲ್ಲಿ ಉಷಾ, ಸಾನ್ವಿ. ಚೀಟಿ ಹಿಡಿಯದೆ ಶುರು ಮಾಡಿದೆ. “ವಿಲ್ಹೆಲ್ಮ್ ಮೊರಿಟ್ಸ್, ಅವನ ಮಗ ಫ್ರೆಡ್ರಿಕ್ ವಿಲ್ಹೆಲ್ಮ್, ಮೊದಲು ಪ್ರಿನ್ಸ್ ಅನ್ನಿಸಿಕೊಂಡವನು ಇವನೇ. ಅವನ ಮಗ ಫರ್ಡಿನಾಂಡ್ ವಿಲ್ಹೆಲ್ಮ್ ಅರ್ನ್‌ಸ್ಟ್, ಅವನ ಮಗ...” ಅಷ್ಟರಲ್ಲಿ ಯಾರದೋ ಫೋನ್ ರಿಂಗಾಯಿತು. ಹೆಸರು ನಾಲಿಗೆಯಿಂದ ಜಾರಿತು. ನಾನು ಮೊರಿಟ್ಸ್‌ನಿಂದ ಮತ್ತೆ ಹಿಡಿದು ಬಂದೆ. ಅದು ಅಪ್ಪನ ಕಟ್ಟುನಿಟ್ಟು: ಹೇಳುವಾಗ ತಪ್ಪಿದರೆ ಅಲ್ಲಿಂದಲೇ ಮುಂದುವರಿಸುವಂತಿಲ್ಲ, ಮೂರು ತಲೆ ಹಿಂದಕ್ಕೆ ಹೋಗಿ ಹಿಡಿಯಬೇಕು. ಬಲಗೈ ಕಿವಿಯ ಮೇಲೆ ಹೋದದ್ದು ನನಗೆ ತಿಳಿಯಲೂ ಇಲ್ಲ.

ಕೊನೆಗೆ ಕಾರ್ಲ್‌ನ ಕಥೆ ಹೇಳಿದೆ. ಟೆಕ್ಸಾಸ್‌ಗೆ ಬರುವ ಮೊದಲು ಅವನು ಲೂಯಿಸ್ ಎಂಬ ಸಾಮಾನ್ಯ ಮನೆಯ ಹೆಣ್ಣನ್ನು ಮದುವೆಯಾಗಿದ್ದ, ಮೂರು ಮಕ್ಕಳಾಗಿದ್ದವು. ಅಂತಸ್ತಿಗೆ ಸಲ್ಲದ ಸಂಬಂಧ ಎಂದು ಮನೆಯವರು ಒತ್ತಾಯಿಸಿದರು. ಬಿಟ್ಟುಬಿಟ್ಟ. “ಅಂತಸ್ತಿಗಾಗಿ ತನ್ನವರನ್ನೇ ಅಳಿಸಿದವನು ಎಂಥ ರಾಜಕುಮಾರ?” ಎಂದು ಗುಡುಗಿದೆ. ಚಪ್ಪಾಳೆ ಬಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬೀಳುವ ಹೊತ್ತಾಗಿತ್ತು.

ಹಿಂದಿನ ಸಾಲಿನಿಂದ ಬಿಳಿ ಪೇಟದ ಮುದುಕರೊಬ್ಬರು ಎದ್ದರು. ಸಿದ್ರಾಮಪ್ಪ ಪಾಟೀಲರು, ಎಂಬತ್ತರ ಹತ್ತಿರ. ಡಲ್ಲಾಸ್ ಕಡೆಯ ಲಿಟಲ್ ಎಲ್ಮ್‌ನಲ್ಲಿ ಮಗನ ಮನೆಯಲ್ಲಿದ್ದಾರಂತೆ. ಹೆಂಡತಿ ಮಲ್ಲವ್ವನ ಜೊತೆ ನೆಂಟರ ಮನೆಗೆ ಬಂದಿದ್ದರಂತೆ.

“ತಮ್ಮಾ, ನಮ್ಮ ಕರೆಬಾವಿಗೆ ಹೆಳವರ ಯಮನಪ್ಪ ಬರ್ತಿದ್ದ. ತಪ್ಪಿದ್ರ ಮೂರು ತಲಿ ಹಿಂದಕ್ಕ ಹೋಗಾಂವ ಅವನೊಬ್ಬನ. ಕಿವಿ ಮ್ಯಾಲ ಕೈನೂ ಹಿಂಗ. ನೀ ಅವರ ಪೈಕಿ ಏನಪಾ?”

ಹಾಲಿನಲ್ಲಿ ಎಲ್ಲರೂ ನನ್ನನ್ನೇ ನೋಡಿದರು. ಕುಂಬಳಕಾಯಿ ಕಳ್ಳನಂತೆ ನಾನು ಮತ್ತೆ ಕಿವಿಯ ಕಡೆಗೆ ಹೋಗುತ್ತಿದ್ದ ಕೈ ಇಳಿಸಿದೆ.

“ಇಲ್ಲ. ನಮ್ದು ದೇಸಾಯರ ಮನೆತನ.”

ಸಾನ್ವಿ ಹೆಮ್ಮೆಯಿಂದ ಹಿಂತಿರುಗಿ, ನಮ್ಮ ಅಜ್ಜನ ಹತ್ತಿರ ಬಿಳಿ ಕುದುರೆ ಇತ್ತು ಎಂದು ಇಂಗ್ಲಿಷಿನಲ್ಲಿ ಸಾಕ್ಷಿ ಹೇಳಿದಳು.

ಮುದುಕರು ಎರಡೂ ಕೈ ಜೋಡಿಸಿದರು. “ತಪ್ಪಾತ್ರಿ ಸಾಹೇಬ್ರ. ಸಿಟ್ಟಾಗಬ್ಯಾಡ್ರಿ. ಒಂದು ಕಾರಣಕ್ಕ ಕೇಳ್ದೆ. ನನ್ನ ಹಡದಾಕಿ ನನ್ನ ಹಡದ ದಿನಾನ ತೀರಿಕೊಂಡ್ಳು. ಅಪ್ಪ ಅದ ವರ್ಷ ಇನ್ನೊಂದು ಲಗ್ನ ಆದ. ಆಕಿ ಹೆಸರು ಮನ್ಯಾಗ ಯಾರೂ ಎತ್ತಲಿಲ್ಲ. ಸಣ್ಣಾಂವಿದ್ದಾಗ ಕೇಳಿ ಕಪಾಳಕ್ಕ ತಿಂದೀನಿ. ಈಗ ಮೊಮ್ಮಗ ರಕ್ಷಿತಗ ಹೆಣ್ಣು ಕೂಸು ಹುಟ್ಟೇದ. ನಾಳೆ ಬಿಟ್ಟು ಮುಂದಿನ ಐತವಾರ ತೊಟ್ಲ. ಕೂಸಿನ ಕಿವ್ಯಾಗ ಆಕಿ ಹೆಸರು ಹೇಳಬೇಕಂತ ನನಗ ಆಸೆ. ಗೊತ್ತಿರೋದು ಹೆಳವರ ಪುಸ್ತಕಕ್ಕೊಂದ. ಯಮನಪ್ಪ ಹೋಗ್ಯಾನ, ಮಗ ಯಾವ್ದೋ ದೇಶಕ್ಕ ಹೋಗ್ಯಾನಂತ.”

ತಮ್ಮಾ ಎಂದು ಕರೆದವರು ಈಗ ಸಾಹೇಬ್ರ ಎಂದಿದ್ದರು. ಆದರೂ ನಾನು ಮುಂದಿನ ಪ್ರಶ್ನೆ ಯಾರದೆಂದು ಕೇಳಿದೆ. ನಾಚಿಕೆಗೇಡಿ ಎಂಬ ಮಾತು ನನ್ನಂಥವರಿಗಾಗಿಯೇ ಹುಟ್ಟಿರಬೇಕು.

ಕಾರಿನಲ್ಲಿ ಸಾನ್ವಿ ಕಿವಿಗೆ ಹೆಡ್‌ಫೋನ್ ಹಾಕಿದ ಮೇಲೆ ಉಷಾ ಮೈಸೂರಿನ ಮೆತ್ತನೆಯ ದನಿಯಲ್ಲಿ ಹೇಳಿದಳು: “ಆ ಕಾರ್ಲ್‌ಗೆ ಅಷ್ಟೊಂದು ಬೈದ್ರಲ್ಲ, ಅವನೇನಾದ್ರೂ ಅಲ್ಲಿದ್ದಿದ್ರೆ ಎದ್ದು ಬಂದು ನಿಮ್ ಕೈ ಕುಲುಕ್ತಿದ್ದ.” ನಾನು ಸಿಟ್ಟಾಗಲು ನೋಡಿದೆ. ಆಗಲಿಲ್ಲ.

ಮರುದಿನ ಬೆಳಿಗ್ಗೆ ಕ್ಲಾಸೆಟ್ಟಿನ ಮೇಲಿನ ಸೂಟ್‌ಕೇಸ್ ಇಳಿಸಿದೆ. ಅಪ್ಪ ಹೋದಾಗ ತಂದ ಪುಸ್ತಕ, ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟು ಹನ್ನೊಂದು ವರ್ಷದಿಂದ ಹಾಗೆಯೇ ಇತ್ತು. ಜರ್ಮನ್ ದೊರೆಗಳ ಬಗ್ಗೆ ದೇಶದೇಶದಿಂದ ಪುಸ್ತಕ ತರಿಸಿದವನು ಇದರ ಗಂಟು ಬಿಚ್ಚಿರಲಿಲ್ಲ. ಕರೆಬಾವಿ ಪಾಟೀಲರ ಹಾಳೆ ಸಿಕ್ಕಿತು. ನನ್ನ ಅಜ್ಜನ ಕೈಬರಹ: ‘ಬಸಲಿಂಗಪ್ಪನ ಹಿರೇ ಹೆಂಡತಿ ಸಂಗವ್ವ. ಗಂಡು ಹಡೆದು ತೀರಿದಳು. ಕೂಸು ಸಿದ್ರಾಮಪ್ಪ, ಉಳಿದಿದೆ.’ ಹಾಳೆಯ ಕೆಳಗೆ ತಲೆತಲಾಂತರದಿಂದ ಹೇಳಿದವರ ಹೆಸರುಗಳು. ಕೊನೆಯಲ್ಲಿ ‘ಹೇಳಿದವ ಹೆಳವರ ಯಮನಪ್ಪ’. ಅದರ ಕೆಳಗೆ ನಡುಗುವ ಅಕ್ಷರದಲ್ಲಿ ಅಪ್ಪ ಇನ್ನೊಂದು ಸಾಲು ಸೇರಿಸಿದ್ದ: ‘ಮುಂದೆ ಹೇಳುವವ ಮಗ ಚಿದಾನಂದ’.

ಬೇರೆ ಹಾಳೆಗಳನ್ನು ತಿರುವಿದೆ. ಎಲ್ಲ ಮನೆತನದ ಕೆಳಗೂ ಅದೇ ಸಾಲು. ಹಿತ್ತಲಲ್ಲಿ ಅಡಗಿದ್ದವನ ಹೆಸರನ್ನು ಅಪ್ಪ ನೂರಾರು ಸಲ ಬರೆದಿದ್ದ. ನೆಲದ ಮೇಲೆ ಕೂತು ಅತ್ತೆ.

ಅತ್ತವನು ಒಳ್ಳೆಯವನಾಗಿಬಿಟ್ಟ ಎಂದುಕೊಳ್ಳಬೇಡಿ. ಬಳಗದವರಿಂದ ನಂಬರ್ ತೆಗೆದುಕೊಂಡು ಪಾಟೀಲರಿಗೆ ಫೋನ್ ಮಾಡಿ, “ಊರಲ್ಲಿ ಗೆಳೆಯರೊಬ್ಬರ ಕಡೆಯಿಂದ ವಿಚಾರಿಸಿದೆ. ಯಮನಪ್ಪನ ಮಗ ಸಿಕ್ಕ. ನಿಮ್ಮ ತಾಯಿ ಹೆಸರು ಸಂಗವ್ವ” ಎಂದೆ. ಅವರು “ಸಂಗವ್ವ” ಎಂದು ಎರಡು ಸಲ ಹೇಳಿಕೊಂಡರು. ಆಮೇಲೆ ತೊಟ್ಟಿಲಿಗೆ ಬರಲೇಬೇಕೆಂದು ಹಟ ಹಿಡಿದರು.

ಮುಂದಿನ ಭಾನುವಾರ ನಾಲ್ಕು ಗಂಟೆ ಡ್ರೈವ್ ಮಾಡಿ ಲಿಟಲ್ ಎಲ್ಮ್ ಮುಟ್ಟಿದೆವು. ಒಂದೇ ಥರದ ಹೊಸ ಮನೆಗಳ ಸಾಲಿನಲ್ಲಿ ಒಂದಕ್ಕೆ ಮಾತ್ರ ಮಾವಿನ ತೋರಣ. ಒಳಗೆ ಹೋಳಿಗೆಯ ವಾಸನೆ. ಹೆಂಗಸರು ತೊಟ್ಟಿಲು ತೂಗಿದರು. ಸಿದ್ರಾಮಪ್ಪನವರು ಬಾಗಿ ಕೂಸಿನ ಕಿವಿಯಲ್ಲಿ ತಾಯಿಯ ಹೆಸರು ಹೇಳಿದರು. ಹೇಳಿ ಬಹಳ ಹೊತ್ತು ಹಾಗೇ ಬಾಗಿದ್ದರು.

ಆಮೇಲೆ ಮಲ್ಲವ್ವ ಒಂದು ಹರಿವಾಣ ತಂದು ನನ್ನ ಮುಂದೆ ಇಟ್ಟರು. ಸೇರು ಜೋಳ, ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯ ಇಂಡಿಯನ್ ಅಂಗಡಿಯಿಂದ ತರಿಸಿದ ಹೊಚ್ಚ ಹೊಸ ಧೋತರ, ಎಲೆ ಅಡಿಕೆ.

“ಇದು ಹೆಸರು ಹೇಳಿದ ಹೆಳವಗ ಮುಟ್ಟಿಸ್ರಿ,” ಎಂದರು ಸಿದ್ರಾಮಪ್ಪ. ಅವರು ನನ್ನ ಮುಖ ನೋಡಲಿಲ್ಲ, ಧೋತರದ ಅಂಚು ನೋಡುತ್ತಿದ್ದರು. “ಒಂದು ಮಾತೂ ಹೇಳ್ರಿ. ಅವರಪ್ಪ ನಮ್ಮ ಅಂಗಳದಾಗ ಬಿಸಿಲಾಗ ನಿಂತು ನಮ್ಮ ಹಿರ್ಯಾರ್ನ ಹೊಗಳಿದ. ನಾವು ಹಳೇ ಅರಿವಿ ಕೊಟ್ವಿ. ಒಂದು ದಿನಾನೂ ಒಳಗ ಕರದು ಕೂಡಸಿ ಉಣ್ಣಸಲಿಲ್ಲ. ಮಗ ನಾಚಿಕೊಂಡು ಮಾರಿ ಮುಚ್ಚಿಕೊಂಡಿದ್ರ ಆ ತಪ್ಪು ನಮ್ದು. ನಾಚಬೇಕಾದವರು ನಾವು ಅಂತ ಹೇಳ್ರಿ.”

ಅವರಿಗೆ ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ನನ್ನ ಮಾನ ಉಳಿಸಲು ಅವರೇ ಸುಳ್ಳನ್ನು ನಂಬಿದವರಂತೆ ನಟಿಸುತ್ತಿದ್ದರು. ನನಗೆ ಅದಕ್ಕಿಂತ ದೊಡ್ಡ ನಾಚಿಕೆ ಎಂದೂ ಆಗಿರಲಿಲ್ಲ.

ಹರಿವಾಣ ಎತ್ತಿಕೊಳ್ಳಲು ಕೈ ಚಾಚಿದವನು ಎದ್ದು ನಿಂತೆ. “ಸಾನ್ವಿ, ಇಲ್ಲಿ ಬಾ,” ಎಂದೆ. “ಅಜ್ಜನ ಹತ್ರ ಕುದುರಿ ಇರಲಿಲ್ಲವ್ವ. ಎತ್ತಿತ್ತು.”

ಅವಳು ಅರ್ಥವಾಗದೆ ನಿಂತಳು. ನಾನು ಬಲಗೈ ಕಿವಿಯ ಮೇಲಿಟ್ಟೆ. ಆ ಹಾಳೆಯಲ್ಲಿ ಓದಿಕೊಂಡಿದ್ದ ಕರೆಬಾವಿ ಪಾಟೀಲರ ಮೂಲಪುರುಷನಿಂದ ಹಿಡಿದೆ. ಒಂದೊಂದೇ ತಲೆ ಇಳಿಯುತ್ತ ಬಂದೆ. ಪಂಕ್ತಿಯಲ್ಲಿ ಊಟಕ್ಕೆ ಕೂತವರು ಕೈ ತಡೆದು ಕೇಳಿದರು. ಬಸಲಿಂಗಪ್ಪ, ಅವನ ಹಿರೇ ಹೆಂಡತಿ ಸಂಗವ್ವ, ಆಕೆ ಹಡೆದ ಮಗ ಸಿದ್ರಾಮಪ್ಪ, ಅವರ ಮಗ, ಮೊಮ್ಮಗ ರಕ್ಷಿತ್, ಅವನ ಮಗಳು, ಇಂದು ತೊಟ್ಟಿಲಲ್ಲಿರುವ ಸಂಗವ್ವ. ಉಳಿದದ್ದು ಒಂದೇ ಸಾಲು. “ಹೇಳಿದವ ಹೆಳವರ ಯಮನಪ್ಪನ ಮಗ...” ಎಂದೆ. ನನ್ನ ಹೆಸರು ಬರಲಿಲ್ಲ.

ಸಿದ್ರಾಮಪ್ಪನವರು ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಹೇಳಿದರು: “ಮೂರು ತಲಿ ಹಿಂದಕ್ಕ ಹೋಗು, ತಮ್ಮಾ.”

ಹೋದೆ. ಅಲ್ಲಿಂದ ಹಿಡಿದು ಬಂದು, ಈ ಸಲ ಪೂರ್ತಿ ಹೇಳಿದೆ.