ಹೊದಿಸದ ಶಾಲು

ಬಿದ್ದವನನ್ನು ಯಾವ ಕಾರಣಕ್ಕೆ ಸನ್ಮಾನಿಸುವುದು? ಹಾಡಿದವರಿಗೆ ಶಾಲು ಹೊದಿಸುತ್ತಾರೆ, ಬರೆದವರಿಗೆ ಹೊದಿಸುತ್ತಾರೆ. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡವನಿಗೆ ಹೊದಿಸಿದರೆ ಅದು ಗೌರವವೋ, ಬಾಯಿಗೆ ಹಾಕುವ ಬೀಗವೋ? ಅಥವಾ ಇದೆಲ್ಲ ತಾನೊಬ್ಬನೇ ಕೂತು ಯೋಚಿಸಿ ಯೋಚಿಸಿ ಕಟ್ಟಿಕೊಂಡದ್ದೋ? ಉಳಿದವರೆಲ್ಲ ಸಂತೋಷವಾಗಿಯೇ ಇದ್ದಾರಲ್ಲ.

ಸುಹಾಸ್ ವೇದಿಕೆಯ ಪಕ್ಕದ ಪರದೆಯ ಹಿಂದೆ ನಿಂತು ಸನ್ಮಾನ ಪತ್ರವನ್ನು ಮತ್ತೆ ಓದಿಕೊಂಡ. ಬರೆದವನು ಅವನೇ. ಎಂ.ಎ. ಮುಗಿಸಿ ದೆಹಲಿಯ ಮುಖರ್ಜಿ ನಗರದ ಒಂದು ಕೋಣೆಯಲ್ಲಿ ಐಎಎಸ್ ಪರೀಕ್ಷೆಗೆ ಓದುತ್ತಿದ್ದ ಅವನು ಪೀತಮ್‌ಪುರದ ಈ ಕನ್ನಡ ಬಳಗದ ಕಾರ್ಯಕ್ರಮಗಳಿಗೆಲ್ಲ ನಿರೂಪಕ. ಮೈಕಿನ ಹೊರಗೆ ಮಾತು ಕಡಿಮೆ. ದೆಹಲಿಯಲ್ಲಿ ರಾಜ್ಯೋತ್ಸವ ನವೆಂಬರ್ ಒಂದಕ್ಕಲ್ಲ, ಬಳಗದ ಹಾಲ್ ಖಾಲಿ ಇರುವ ಭಾನುವಾರ ಬರುತ್ತದೆ. ಈ ಸಲ ಡಿಸೆಂಬರಿನಲ್ಲಿ ಬಂದಿತ್ತು.

ಪವನ್ ಬಿದ್ದದ್ದು ಗಣೇಶನ ಹಬ್ಬದ ಹಿಂದಿನ ದಿನ. ಬಿಹಾರದವನು, ಬಳಗದ ಸಂಬಳದ ಮೇಲೆ ಹಾಲ್‌ನ ಕರೆಂಟು, ಕಾವಲು ಎರಡನ್ನೂ ನೋಡಿಕೊಂಡು ಹಿಂಭಾಗದ ಕೋಣೆಯಲ್ಲಿ ಹೆಂಡತಿಯೊಂದಿಗೆ ಇದ್ದ. ಸೂರಿನ ದೀಪ ಏಣಿಗೆ ಎಟುಕದಿದ್ದಾಗ ಊಟದ ಮೇಜಿನ ಮೇಲೆ ಏಣಿ ಇಟ್ಟು ಹತ್ತಿದ್ದ. ಮೇಜು ಜಾರಿತು. ಇನ್ನು ಮುಂದೆ ಏಣಿ ಹತ್ತುವ ಕೆಲಸ ಆಗದು ಎಂದು ಡಾಕ್ಟರು ಹೇಳಿದ್ದರು.

ಸನ್ಮಾನದ ಯೋಚನೆ ಕಾರ್ಯದರ್ಶಿ ಜಗನ್ನಾಥ ಅವರದು. "ಕೇಸು ಗೀಸು ಅಂತ ಬೀದಿಗೆ ಹೋಗೋದಕ್ಕಿಂತ ಗೌರವದಿಂದ ಮುಗಿಸೋಣ ಕಣಯ್ಯಾ. ಶಾಲು, ಹಣ್ಣಿನ ಬುಟ್ಟಿ, ಒಂದು ಚೆಕ್ಕು," ಎಂದು ಸುಹಾಸನಿಗೆ ಹೇಳಿದ್ದರು. "ಪತ್ರದಲ್ಲಿ ಒಂದು ಮಾತು ಇರಲೇಬೇಕು. ಸೇವಾಭಾವದಿಂದ ತಾವಾಗಿಯೇ ಏಣಿ ಹತ್ತಿದರು ಅಂತ. ನಾವೇನು ತಳ್ಳಲಿಲ್ಲವಲ್ಲ?"

ಆ ವಾಕ್ಯ ಈಗ ಪತ್ರದ ನಡುವೆ ಕುಳಿತಿತ್ತು. ಮುನ್ನೂರು ಜನರ ಮುಂದೆ ಓದಿಸಿಕೊಂಡು, ಅದರ ಮೇಲೆ ಪವನ್ ಶಾಲು ಹೊದ್ದರೆ, ನಾಳೆ ಯಾವ ಕಚೇರಿಯಲ್ಲೂ ಅವನ ಮಾತು ನಿಲ್ಲುವುದಿಲ್ಲ.

ಪವನ್‌ಗೂ ಅದು ತಿಳಿದಿತ್ತು. ಮೊನ್ನೆ ವಿವರ ಕೇಳಲು ಹೋದಾಗ ಅವನು ಮಂಚದ ಮೇಲಿಂದಲೇ ನಕ್ಕಿದ್ದ. ಬಳಗದಲ್ಲಿ ಕಲಿತ ಕನ್ನಡದಲ್ಲಿ, "ಬರೀರಿ ಭಯ್ಯಾ, ಪವನ್ ಬಿದ್ದ. ಬಹುತ್ ಅಚ್ಛಾ ಬಿದ್ದ. ಇಷ್ಟು ಚೆನ್ನಾಗಿ ಯಾರೂ ಬಿದ್ದಿಲ್ಲ," ಎಂದಿದ್ದ. ಆಮೇಲೆ ನಗು ನಿಂತಿತು. "ಶಾಲ್ ಬೇಡ ಅಂತ ಹೇಗೆ ಹೇಳಲಿ? ರೂಮ್ ಅವರದು. ಹೊದ್ದುಕೊಂಡರೆ ಮತ್ತೆ ನನ್ನ ಹಕ್ ಕೇಳೋಕೆ ಆಗಲ್ಲ. 'ನೋಡು, ಸಮ್ಮಾನ್ ತಗೊಂಡು ಕೇಸ್ ಹಾಕ್ತಾನೆ' ಅಂತಾರೆ." ಅವನ ಹೆಂಡತಿ ಬಾಗಿಲ ಬಳಿ ಬಟಾಣಿ ಸುಲಿಯುತ್ತಿದ್ದಳು; ಕೈ ನಿಲ್ಲಿಸಿ ಸುಹಾಸನನ್ನು ನೋಡಿದಳು.

"ಸುಹಾಸ್, ಅದೇನಾ ಪತ್ರ? ಓದು ನೋಡೋಣ." ಅಧ್ಯಕ್ಷೆ ವೈಜಯಂತಿ ಪರದೆ ಸರಿಸಿ ಬಂದಿದ್ದರು. ಕೇಂದ್ರ ಸರ್ಕಾರದ ಸೇವೆಯಿಂದ ನಿವೃತ್ತರಾದವರು. ಬಳಗದ ಸಭೆಗಳಲ್ಲಿ ಖರ್ಚಿನ ಮಾತು ಬಂದಾಗ ಅವರದೇ ಕೊನೆಯ ಮಾತು.

ಅವನು ಮೆಲ್ಲಗೆ ಓದಿದ. 'ತಾವಾಗಿಯೇ' ಎನ್ನುವಲ್ಲಿ ಅವರು ಕನ್ನಡಕ ತೆಗೆದರು. ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ವೇದಿಕೆಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕುಳಿತರು.

ಮಕ್ಕಳ ಕೋಲಾಟ ಮುಗಿಯಿತು. ಸುಹಾಸ್ ಮುಖ್ಯ ಅತಿಥಿಗಳನ್ನು 'ನಾಡಿನ ಹೆಮ್ಮೆ' ಎಂದು ಹೊಗಳಿದ, ಊಟಕ್ಕೆ ಹಾಲು ಮೊಸರು ಪೂರೈಸಿದವರನ್ನೂ 'ಉದಾರ ಹೃದಯಿ' ಎಂದ. ಆಮೇಲೆ ಪವನ್‌ನನ್ನು ಕರೆದ. ಅವನು ವಾಕರ್ ಊರಿಕೊಂಡು, ಮೆಟ್ಟಿಲ ಬಳಿ ಹೆಂಡತಿಯ ಭುಜ ಹಿಡಿದು ಮೇಲೆ ಬಂದ. ಜಗನ್ನಾಥ ಶಾಲು ಬಿಡಿಸಿ ಹಿಡಿದು ನಿಂತರು. ಫೋಟೋದವನು ಮುಂದೆ ಬಂದ.

ಸುಹಾಸ್ ಓದತೊಡಗಿದ. ಆ ವಾಕ್ಯ ಬಂತು. "ಸೇವಾಭಾವದಿಂದ..." ಎಂದವನಿಗೆ ಮುಂದಿನ ಪದ ಕಾಣುತ್ತಿತ್ತು, ಬಾಯಿಗೆ ಬರಲಿಲ್ಲ. ಹಾಲಿನಲ್ಲಿ ಯಾರೋ ಕೆಮ್ಮಿದರು. "ಓದಪ್ಪಾ," ಎಂದು ಜಗನ್ನಾಥ ಹಲ್ಲುಗಳ ನಡುವೆ ಹೇಳಿದರು. ಮುಂದಿನ ಸಾಲಿನ ಮಗುವೊಂದು, "ಮಮ್ಮಾ, ಅಂಕಲ್ ಭೂಲ್ ಗಯೇ," ಎಂದಿತು. ಕೆಲವರು ನಕ್ಕರು.

ವೈಜಯಂತಿ ಎದ್ದು ಬಂದು ಅವನ ಕೈಯಿಂದ ಮೈಕ್ ತೆಗೆದುಕೊಂಡರು.

"ಅವನು ಮರೆತಿಲ್ಲ," ಎಂದರು. "ಆ ವಾಕ್ಯ ಸುಳ್ಳು, ಅದಕ್ಕೆ ನಿಲ್ಲಿಸಿದ್ದಾನೆ. ಪವನ್ ತಾವಾಗಿಯೇ ಹತ್ತಲಿಲ್ಲ. ಮೇಲೆ ನಿಂತು ಕೆಲಸ ಮಾಡೋಕೆ ಬಾಡಿಗೆಗೆ ಅಟ್ಟಣಿಗೆ ತರಿಸಿ ಅಂತ ಕೇಳಿದರು. ಒಂದು ದೀಪಕ್ಕೆ ಅಟ್ಟಣಿಗೆ ಯಾಕೆ, ಹೇಗಾದರೂ ಮಾಡಿ ಅಂದವಳು ನಾನು. ಜಗನ್ನಾಥ ಅವರೂ ಅಲ್ಲೇ ಇದ್ದರು."

"ಮೇಡಂ, ಇದೆಲ್ಲ ಕಮಿಟಿಯಲ್ಲಿ ಮಾತಾಡೋಣ," ಎಂದರು ಜಗನ್ನಾಥ, ಶಾಲು ಹಾಗೇ ಹಿಡಿದುಕೊಂಡು.

"ಕಮಿಟಿಯಲ್ಲಿ ಮಾತಾಡಿಯೇ ಈ ಶಾಲು ಬಂದದ್ದಲ್ಲವಾ ಜಗನ್ನಾಥ್? ಮಡಚಿಡಿ. ಕೈ ನೋಯುತ್ತೆ."

ಅವರ ದನಿ ಏರಲಿಲ್ಲ. ಪವನ್ ಕಡೆ ತಿರುಗಿ ಅದನ್ನೇ ಹಿಂದಿಯಲ್ಲಿ ಹೇಳಿ, ಮುಂದುವರಿಸಿದರು. ಸಂಬಳ ಕೊಟ್ಟು ಕೆಲಸ ಹೇಳಿದವರು ಬಳಗದವರು, ಅಪಾಯದ ಕೆಲಸ ಮಾಡಿಸಿದವರೂ ಬಳಗದವರೇ. ಕಾನೂನಿನ ಪ್ರಕಾರ ಸಲ್ಲಬೇಕಾದ ಪರಿಹಾರ ಸಲ್ಲುತ್ತದೆ, ಅದು ದಾನವಲ್ಲ. ಕಾರ್ಮಿಕ ಇಲಾಖೆಗೆ ತಾವೇ ಜೊತೆಯಲ್ಲಿ ಬರುತ್ತಾರೆ. ಕೋಣೆ ಬಿಡಬೇಕಾಗಿಲ್ಲ. ಶಾಲು ಆಮೇಲೆ, ಅವರಿಗೆ ಬೇಕೆನಿಸಿದರೆ.

ಚಪ್ಪಾಳೆ ಬರಲಿಲ್ಲ. ಪವನ್ ತಲೆ ಆಡಿಸಿದ. ಅವನ ಹೆಂಡತಿ ಮೆಟ್ಟಿಲ ಬಳಿ ನಿಂತಲ್ಲೇ ಸೆರಗಿನಿಂದ ಮುಖ ಒರೆಸಿಕೊಂಡಳು. ಒಬ್ಬರು ತಮ್ಮನ್ನು ತಾವೇ ಇಷ್ಟು ನೇರವಾಗಿ ಬೆಳಕಿಗೆ ನಿಲ್ಲಿಸಿಕೊಳ್ಳುವುದನ್ನು ಸುಹಾಸ್ ಹಿಂದೆ ಕಂಡಿರಲಿಲ್ಲ.

ಊಟದ ಹೊತ್ತಿಗೆ ವೈಜಯಂತಿಯವರ ಸುತ್ತ ಜಾಗ ಖಾಲಿ ಬಿದ್ದಿತ್ತು. ಪ್ರತಿ ವರ್ಷ ಅವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದವರು ತಟ್ಟೆ ಹಿಡಿದು ಗೋಡೆಯ ಕಡೆ ಹೋಗಿದ್ದರು. ಅವರು ಬಿಸಿಬೇಳೆ ಭಾತನ್ನು ಚಮಚದಲ್ಲಿ ಸುಮ್ಮನೆ ಕಲಸುತ್ತಿದ್ದರು. ಸುಹಾಸನನ್ನು ಕಂಡು, "ಜಾಸ್ತಿ ಮಾತಾಡಿಬಿಟ್ಟೆನೇನೋ?" ಎಂದರು. ಕಣ್ಣು ಅವನ ಮುಖದ ಮೇಲೇ ಇತ್ತು.

"ಮೊಸರನ್ನ ಮುಗೀತಾ ಇದೆ ಮೇಡಂ. ತಂದುಕೊಡಲಾ?" ಎಂದ ಸುಹಾಸ್.

"ತಾ ಅಪ್ಪಾ," ಎಂದರು.

ಅವರು ಮಾತಿಗೆ ತಪ್ಪಲಿಲ್ಲ. ಕಾರ್ಮಿಕ ಇಲಾಖೆಯಲ್ಲಿ ಪವನ್ ಪಕ್ಕದ ಬೆಂಚಿನಲ್ಲಿ ಕುಳಿತು, ಸರದಿ ಬಂದಾಗ ಎದ್ದು, ವೇದಿಕೆಯಲ್ಲಿ ಹೇಳಿದ್ದನ್ನೇ ಅಧಿಕಾರಿಯ ಮುಂದೆ ಹೇಳಿದರು. ಪರಿಹಾರ ಪವನ್ ಕೈಸೇರಿತು. ಈಗ ಅವನು ಹಾಲಿನ ಬುಕಿಂಗ್ ಮೇಜಿನ ಹಿಂದೆ ಕುಳಿತಿರುತ್ತಾನೆ. ದೀಪ ಬದಲಿಸಬೇಕಾದರೆ ಅಟ್ಟಣಿಗೆ ಬಂದ ಮೇಲೆಯೇ ಬಾಗಿಲ ಬೀಗ ತೆಗೆಯುತ್ತಾನೆ. ಶಾಲನ್ನು ಅವನು ಕೇಳಲಿಲ್ಲ. ಮುಂದಿನ ಚುನಾವಣೆಯಲ್ಲಿ ವೈಜಯಂತಿ ಸೋತರು. ಈಗಲೂ ಬರುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ.

ಸುಹಾಸನೇ ಈಗಲೂ ನಿರೂಪಕ. ವೇದಿಕೆಗೆ ಬಂದವರನ್ನೆಲ್ಲ ಹೊಗಳುತ್ತಾನೆ. ವೈಜಯಂತಿಯವರಿಗೆ, ನೀವು ಅವತ್ತು ಮಾಡಿದ್ದು ಸರಿ ಎಂದು ಅವನು ಎಂದೂ ಹೇಳಲಿಲ್ಲ.